ಕೂಸಿನ ಹಲ್ಲು ಹುಳುಕಾದರೆ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಹುಟ್ಟಿದ ಕೂಸಿನಿಂದ ಹಿಡಿದು ಮೂರು ವರ್ಷದವರೆಗಿನ ಮಕ್ಕಳ ಹಲ್ಲಿನ ಬಗ್ಗೆ ಮಾತ್ರ ಇಲ್ಲಿ ಹೇಳಿದೆ. ಓದುವ ಮುಂಚೆ ಒಂದು ಕೆಲಸ ಮಾಡಿ. ಮಗುವನ್ನು ಕಿಟಕಿ ಹತ್ತಿರ ಕರೆದುಕೊಂಡು ಹೋಗಿ, ಮೇಲಿನ ತುಟಿಯನ್ನು ಬೆರಳಿನಿಂದ ಎತ್ತಿ, ಹಲ್ಲು ಒಸಡಿಗೆ ಸೇರುವ ಜಾಗವನ್ನು ನೋಡಿ. ಅಲ್ಲಿ ಏನು ಕಾಣಬಾರದು ಅನ್ನುವುದು ಎರಡನೇ ಪ್ರಶ್ನೆಯಲ್ಲಿದೆ.

ಹಾಲುಹಲ್ಲು ಹೆಂಗೂ ಬಿದ್ದು ಹೋಗ್ತಾವ. ಅದಕ್ಯಾಕ ಇಷ್ಟು ತಲಿ ಕೆಡಿಸ್ಕೋಬೇಕು?

ಬೀಳುವುದು ನಿಜ. ಆದರೆ ಯಾವಾಗ? ಮುಂದಿನ ಹಲ್ಲುಗಳು ಆರೇಳು ವರ್ಷಕ್ಕೆ ಬೀಳಲು ಶುರುವಾಗುತ್ತವೆ. ಹಿಂದಿನ ದವಡೆ ಹಲ್ಲುಗಳು 10ರಿಂದ 12 ವರ್ಷದವರೆಗೆ ಇರಬೇಕು. ಎರಡು ವರ್ಷಕ್ಕೇ ದವಡೆ ಹಲ್ಲು ಹುಳುಕಾದರೆ ಮಗು ಇನ್ನೂ ಎಂಟು-ಹತ್ತು ವರ್ಷ ಅದರ ಮೇಲೇ ರೊಟ್ಟಿ ಅಗಿಯಬೇಕು. ನೋವಿಗೆ ಊಟ ಬಿಡುತ್ತದೆ, ರಾತ್ರಿ ನಿದ್ದೆ ಇರುವುದಿಲ್ಲ, ತೂಕ ಏರುವುದಿಲ್ಲ. ಕೀವು ಬೇರಿನ ತನಕ ಇಳಿದರೆ ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೂ ಪೆಟ್ಟು ಬೀಳಬಹುದು. ‘ಬೀಳೋ ಹಲ್ಲು ತಾನೇ’ ಅನ್ನುವ ಮಾತೇ ಮಕ್ಕಳ ಹಲ್ಲನ್ನು ಜಾಸ್ತಿ ಕೆಡಿಸಿದೆ ಅಂದರೂ ತಪ್ಪಿಲ್ಲ.

ಹುಳುಕು ಶುರುವಾಗಿದೆ ಅಂತ ಮನೆಯಲ್ಲೇ ಗೊತ್ತಾಗುತ್ತಾ?

ಗೊತ್ತಾಗುತ್ತದೆ. ಹುಳುಕು ಅಂದರೆ ಕಪ್ಪು ತೂತು ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಆದರೆ ಅದು ಶುರುವಾಗುವುದು ಬಿಳಿ ಬಣ್ಣದಲ್ಲಿ.

ಒಸಡಿನ ಅಂಚಿನಲ್ಲಿ, ಹಲ್ಲಿನ ಮೇಲೆ ಸೀಮೆಸುಣ್ಣ ಎಳೆದಂತೆ ಮಂಕಾದ ಬಿಳಿ ಗೆರೆ ಕಾಣುತ್ತದೆ. ಉಳಿದ ಹಲ್ಲು ಹೊಳೆಯುತ್ತದೆ, ಆ ಗೆರೆ ಹೊಳೆಯುವುದಿಲ್ಲ. ಹಾಲಿನ ಪಾಚಿಯೂ ಬಿಳಿಯೇ ಇರುತ್ತದಲ್ಲ, ಎರಡಕ್ಕೂ ಗೊಂದಲ ಆಗಬಹುದು. ಅದಕ್ಕೆ ಮೊದಲು ಒದ್ದೆ ಬಟ್ಟೆಯಿಂದ ಹಲ್ಲು ಒರೆಸಿ, ಆಮೇಲೆ ಒಣ ಬಟ್ಟೆ ಒತ್ತಿ ನೋಡಿ. ಪಾಚಿಯಾದರೆ ಬಟ್ಟೆಗೆ ಬರುತ್ತದೆ. ಗೆರೆ ಹಾಗೇ ಉಳಿದು, ಒಣಗಿದ ಮೇಲೆ ಇನ್ನೂ ಎದ್ದು ಕಂಡರೆ ಅದು ಹುಳುಕಿನ ಮೊದಲ ಹಂತ.

ಈ ಹಂತದಲ್ಲಿ ತೂತು ಇನ್ನೂ ಬಿದ್ದಿರುವುದಿಲ್ಲ. ಹಲ್ಲಿನ ಮೇಲಿನ ಗಟ್ಟಿ ಪದರ, ಅಂದರೆ ಎನಾಮಲ್‌ನಿಂದ ಕ್ಯಾಲ್ಸಿಯಂ, ಫಾಸ್ಫೇಟ್ ಕರಗಿ ಹೋಗುತ್ತಿರುತ್ತದೆ, ಅಷ್ಟೆ. ಹಲ್ಲನ್ನು ಗಟ್ಟಿ ಮಾಡುವ ಫ್ಲೋರೈಡ್ ಅನ್ನುವ ಖನಿಜ ಸಿಕ್ಕು, ಸಿಹಿ ಕಡಿಮೆಯಾದರೆ ಇದನ್ನು ಇಲ್ಲೇ ನಿಲ್ಲಿಸಬಹುದು. ಡ್ರಿಲ್ ಬೇಡ, ಸೂಜಿ ಬೇಡ. ಬಿಟ್ಟರೆ ಗೆರೆ ಹಳದಿಯಾಗುತ್ತದೆ, ಕಂದಾಗುತ್ತದೆ, ಆಮೇಲೆ ಹಲ್ಲಿನ ಅಂಚು ಮುರಿದು ಉದುರುತ್ತದೆ. ಹಾಲುಹಲ್ಲಿನ ಎನಾಮಲ್ ತೆಳು. ದೊಡ್ಡವರ ಹಲ್ಲಿನಷ್ಟು ದಿನ ಅದು ತಡೆಯುವುದಿಲ್ಲ.

ಮೇಲಿನ ಮುಂದಿನ ನಾಲ್ಕು ಹಲ್ಲು ಮೊದಲು ಕೆಡುತ್ತವೆ. ಕೆಳಗಿನ ಮುಂದಿನವು ಬಹಳ ಸಲ ಚೆನ್ನಾಗೇ ಇರುತ್ತವೆ, ಯಾಕೆಂದರೆ ಹಾಲು ಕುಡಿಯುವಾಗ ನಾಲಿಗೆ ಅವುಗಳನ್ನು ಮುಚ್ಚಿರುತ್ತದೆ, ಜೊಲ್ಲೂ ಅಲ್ಲಿ ಹೆಚ್ಚು. ಮಗು ಬಾಯಿ ತೆರೆದಾಗ ನಮ್ಮ ಕಣ್ಣಿಗೆ ಬೀಳುವುದು ಕೆಳಗಿನ ಹಲ್ಲೇ. ಅದಕ್ಕೇ ‘ಎಲ್ಲಾ ಚಲೋ ಅದಾವ’ ಅನಿಸುತ್ತದೆ. ತಿಂಗಳಿಗೊಮ್ಮೆ ತುಟಿ ಎತ್ತಿ ನೋಡಿ. ಹಿಂಬದಿಯನ್ನೂ ನೋಡಿ, ಮೊಬೈಲ್ ಟಾರ್ಚ್ ಸಾಕು.

ಹಲ್ಲಿಗೆ ಹುಳ ಬಿದ್ದಿದೆ ಅಂತಾರೆ. ನಿಜವಾಗಿ ಹುಳ ಇರುತ್ತಾ?

ಇಲ್ಲ. ಇರುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಮುಖ್ಯವಾದದ್ದು ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್. ಬಾಯಿಗೆ ಬಂದ ಸಕ್ಕರೆಯನ್ನು ಅದು ತಿಂದು ಆಮ್ಲ ಮಾಡುತ್ತದೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ. ಜಾತ್ರೆಯಲ್ಲಿ, ಸಂತೆಯಲ್ಲಿ ಹೊಗೆ ಹಾಕಿ ‘ಹುಳ ತೆಗೆದೆ’ ಅಂತ ತೋರಿಸುವವರಿದ್ದಾರೆ. ಆ ಹುಳ ಹಲ್ಲಿನಿಂದ ಬಂದದ್ದಲ್ಲ. ಬಿಸಿ ಹೊಗೆಗೆ ಕೂಸಿನ ಬಾಯಿ ಸುಡುವುದು ಮಾತ್ರ ನಿಜ.

ಈ ಬ್ಯಾಕ್ಟೀರಿಯಾ ಮಗುವಿಗೆ ಬರುವುದು ಹೆಚ್ಚಾಗಿ ಮನೆಯವರ ಬಾಯಿಂದಲೇ. ಅವ್ವ ಅಗಿದು ತಿನ್ನಿಸುವುದು, ಅಜ್ಜಿ ಅದೇ ಚಮಚದಲ್ಲಿ ರುಚಿ ನೋಡಿ ಕೊಡುವುದು ಬೇಡ. ತಾಯಿಗೆ ಹುಳುಕು ಹಲ್ಲಿದ್ದರೆ ಆಕೆಯೂ ತೋರಿಸಿಕೊಳ್ಳಬೇಕು, ಸಾಧ್ಯವಾದರೆ ಬಸುರಿ ಇರುವಾಗಲೇ.

ಹಲ್ಲು ಯಾವಾಗ ಬರಬೇಕು? ಹಲ್ಲು ಬರುವಾಗ ಜ್ವರ, ಭೇದಿ ಸಹಜಾನಾ?

ಸಾಮಾನ್ಯವಾಗಿ ಆರು ತಿಂಗಳ ಆಸುಪಾಸಿಗೆ ಕೆಳಗಿನ ಎರಡು ಹಲ್ಲು ಬರುತ್ತವೆ. ಕೆಲವು ಮಕ್ಕಳಿಗೆ ವರ್ಷ ತುಂಬಿದ ಮೇಲೂ ಬರಬಹುದು. ಎರಡೂವರೆ, ಮೂರು ವರ್ಷಕ್ಕೆ ಒಟ್ಟು 20 ಹಲ್ಲು. ಜೊಲ್ಲು, ಕಿರಿಕಿರಿ, ಸಿಕ್ಕಿದ್ದನ್ನೆಲ್ಲ ಕಚ್ಚುವುದು ಹಲ್ಲಿನಿಂದಲೇ. ಆದರೆ ಜೋರು ಜ್ವರ, ನೀರಾಗಿ ಭೇದಿ ಹಲ್ಲಿನಿಂದ ಬರುವುದಿಲ್ಲ. ‘ಹಲ್ಲು ಬರ್ತಾ ಇದೆ ಬಿಡ್ರಿ’ ಅಂತ ಕೂಡಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ.

ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡು ಅನ್ನುವ ಮಾತಿಗೆ ಅರ್ಥವಿಲ್ಲ. ಮಾವ ಆರಾಮಾಗಿರುತ್ತಾನೆ.

ರಾತ್ರಿ ಬಾಟ್ಲಿ ಬಾಯಾಗ ಇಟ್ಕೊಂಡ ಮಲಗತೈತಿ. ತಗದ್ರ ಅಳತೈತಿ. ಏನು ಮಾಡೂದು?

ಚಿಕ್ಕ ಮಕ್ಕಳ ಹುಳುಕಿಗೆ ದೊಡ್ಡ ಕಾರಣಗಳಲ್ಲಿ ಇದೊಂದು. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ, ನುಂಗುವುದೂ ಕಡಿಮೆ. ಹಾಲು ಮೇಲಿನ ಹಲ್ಲುಗಳ ಹಿಂದೆ ಗಂಟೆಗಟ್ಟಲೆ ನಿಂತಿರುತ್ತದೆ. ಹಾಲಿನಲ್ಲೇ ಸಕ್ಕರೆಯ ಅಂಶ ಇದೆ. ಅದರ ಮೇಲೆ ಒಂದು ಚಮಚ ಸಕ್ಕರೆ ಅಥವಾ ಉತ್ತತ್ತಿ ಪುಡಿ ಹಾಕಿದರೆ ಹಲ್ಲಿನ ಗತಿ ಮುಗಿದಂತೆ.

ಒಮ್ಮೆಲೇ ಕಿತ್ತುಕೊಂಡರೆ ಮನೆಯಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ. ಹಂತಹಂತವಾಗಿ ಬಿಡಿಸಿ. ಮೊದಲು ಸಕ್ಕರೆ ನಿಲ್ಲಿಸಿ. ಆಮೇಲೆ, ಮಗುವಿಗೆ ವರ್ಷ ತುಂಬಿದ್ದರೆ, ರಾತ್ರಿಯ ಬಾಟಲಿಯ ಹಾಲಿಗೆ ಮಾತ್ರ ದಿನವೂ ಸ್ವಲ್ಪ ಸ್ವಲ್ಪ ನೀರು ಹೆಚ್ಚಿಸುತ್ತಾ ಹೋಗಿ. ಒಂದೆರಡು ವಾರದಲ್ಲಿ ಬಾಟಲಿಯಲ್ಲಿ ಬರೀ ನೀರು ಇರಬೇಕು. ಬರೀ ನೀರಿನ ಬಾಟಲಿಯ ಮೇಲೆ ಮಕ್ಕಳಿಗೆ ಅಷ್ಟು ಮೋಹ ಉಳಿಯುವುದಿಲ್ಲ. ಮಲಗುವ ಹಾಲನ್ನು ಲೋಟದಲ್ಲಿ ಕುಡಿಸಿ, ಬ್ರಶ್ ಮಾಡಿಸಿ, ಆಮೇಲೆ ತೊಟ್ಟಿಲೋ ಜೋಳಿಗೆಯೋ ತೂಗಿ. ಹಾಲು, ಬ್ರಶ್, ಜೋಗುಳ ಇದೇ ಕ್ರಮದಲ್ಲಿ ಇರಲಿ. ಆರು ತಿಂಗಳಿನಿಂದಲೇ ಲೋಟ ರೂಢಿ ಮಾಡಿಸಿದರೆ ಒಂದು, ಒಂದೂಕಾಲು ವರ್ಷದ ಹೊತ್ತಿಗೆ ಬಾಟಲಿ ಬಿಡಿಸುವುದು ಕಷ್ಟವಾಗುವುದಿಲ್ಲ.

ನಿಪ್ಪಲ್ಲನ್ನು ಜೇನುತುಪ್ಪದಲ್ಲಿ ಅದ್ದಿ ಬಾಯಿಗೆ ಕೊಡುವುದು ಎರಡು ಕಾರಣಕ್ಕೆ ಬೇಡ. ಹಲ್ಲಿಗೆ ಕೆಟ್ಟದ್ದು ಒಂದು. ವರ್ಷ ತುಂಬದ ಕೂಸಿಗೆ ಜೇನಿನಿಂದ ಬಾಟ್ಯುಲಿಸಂ ಅನ್ನುವ ಅಪಾಯದ ಕಾಯಿಲೆ ಬರಬಹುದು, ಅದು ಇನ್ನೊಂದು.

ಎದೆಹಾಲಿನಿಂದಲೂ ಹುಳುಕಾಗುತ್ತಾ? ಬಿಡಿಸಬೇಕಾ?

ಬಿಡಿಸಬೇಡಿ. ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಊಟದ ಜೊತೆ ಎರಡು ವರ್ಷ ಮತ್ತು ಅದಕ್ಕೂ ಮುಂದೆ ಕೊಡಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ತೊಂದರೆ ಬರುವುದು ಹಲ್ಲು ಬಂದು ವರ್ಷ ದಾಟಿದ ಮೇಲೆ, ರಾತ್ರಿಯಿಡೀ ಮೊಲೆ ಬಾಯಲ್ಲೇ ಇಟ್ಟುಕೊಂಡು ಮಲಗಿದಾಗ, ಅದೂ ಹಗಲಲ್ಲಿ ಬಿಸ್ಕತ್ತು, ಸಕ್ಕರೆ ತಿಂದು ಹಲ್ಲು ತಿಕ್ಕದೆ ಇದ್ದರೆ. ಮಲಗುವ ಮುಂಚೆ ಬ್ರಶ್ ತಪ್ಪಿಸಬೇಡಿ. ನಿದ್ದೆ ಹತ್ತಿದ ಮೇಲೆ ಮೆಲ್ಲಗೆ ಬಿಡಿಸಿಕೊಳ್ಳಿ.

ಬೆಲ್ಲ ಒಳ್ಳೇದಲ್ವಾ? ಪೇಡೆ, ಉಂಡಿ ಏನೂ ಕೊಡಬಾರದಾ?

ಹಲ್ಲಿನ ಮಟ್ಟಿಗೆ ಬೆಲ್ಲ, ಸಕ್ಕರೆ, ಕಲ್ಲುಸಕ್ಕರೆ, ಜೇನು ಎಲ್ಲವೂ ಒಂದೇ. ಎರಡು ವರ್ಷದವರೆಗೆ ಮೇಲಿನಿಂದ ಹಾಕುವ ಸಿಹಿ ಬೇಡವೇ ಬೇಡ ಅನ್ನುವುದು ಮಕ್ಕಳ ವೈದ್ಯರ ಸಲಹೆ. ಕೂಸಿಗೆ ಸಪ್ಪೆ ಗಂಜಿ ಸಪ್ಪೆ ಅನಿಸುವುದಿಲ್ಲ, ಅನಿಸುವುದು ನಮಗೆ.

ಆದರೆ ಧಾರವಾಡದಲ್ಲಿದ್ದು ಮಗು ಪೇಡೆಯ ಮುಖವನ್ನೇ ನೋಡಬಾರದು ಅಂದರೆ ನಡೆಯುತ್ತದಾ? ಎರಡು ದಾಟಿದ ಮಕ್ಕಳಿಗೆ ಎಷ್ಟು ತಿಂದರು ಅನ್ನುವಷ್ಟೇ ಎಷ್ಟು ಸಲ ತಿಂದರು ಅನ್ನುವುದೂ ಮುಖ್ಯ. ಒಂದು ಸಲ ಸಿಹಿ ಬಾಯಿಗೆ ಹೋದರೆ ಸುಮಾರು ಅರ್ಧ ಗಂಟೆ ಬಾಯಲ್ಲಿ ಆಮ್ಲ ಇರುತ್ತದೆ. ಆಮೇಲೆ ಜೊಲ್ಲು ಅದನ್ನು ಸರಿಮಾಡುತ್ತದೆ. ಊಟದ ಜೊತೆ ಒಂದು ಪೇಡೆ ತಿಂದು ಮುಗಿಸಿದರೆ ಅದು ಒಂದು ಸಲದ ಲೆಕ್ಕ. ನಾಗರ ಪಂಚಮಿ ನೆನಪು ಮಾಡಿಕೊಳ್ಳಿ. ಶೇಂಗಾ ಉಂಡಿ, ಎಳ್ಳುಂಡಿ, ಪುಟಾಣಿ ಉಂಡಿ ಡಬ್ಬಿ ವಾರಗಟ್ಟಲೆ ಕೈಗೆ ಸಿಗುವಂತೆ ಇರುತ್ತದೆ. ಮಗು ಒಂದು ಉಂಡಿ ಹಿಡಿದುಕೊಂಡು ಜೋಕಾಲಿ ಹತ್ತಿರ, ಅಂಗಳದಲ್ಲಿ, ಪಕ್ಕದ ಮನೆಯಲ್ಲಿ ಓಡಾಡುತ್ತಾ ಚೂರು ಚೂರೇ ಕಚ್ಚಿ ಮಧ್ಯಾಹ್ನದಿಂದ ಸಂಜೆ ತನಕ ತಿನ್ನುತ್ತದೆ. ತಿಂದದ್ದು ಒಂದೇ ಉಂಡಿ, ಆದರೆ ಬಾಯಿ ಸಂಜೆ ತನಕ ಆಮ್ಲದಲ್ಲೇ ಇತ್ತು. ಬೆಲ್ಲದ ಪಾಕ ದವಡೆ ಹಲ್ಲಿನ ಸಂದಿಗೆ ಅಂಟಿಕೊಂಡದ್ದು ಬೇರೆ. ಅಷ್ಟು ಚಿಕ್ಕವರಿಗೆ ಇಡೀ ಶೇಂಗಾ ಗಂಟಲಿಗೆ ಸಿಕ್ಕುವ ಭಯವೂ ಇದೆ.

ಹಬ್ಬಕ್ಕಿಂತ ದಿನದ ಚಹಾ ದೊಡ್ಡ ಕಳ್ಳ. ಅಜ್ಜನ ಬಸಿಯಲ್ಲಿ ಬಿಸ್ಕತ್ತು ಅದ್ದಿ ಮೊಮ್ಮಗನ ಬಾಯಿಗೆ ಇಡುವುದನ್ನು ಯಾವ ಮನೆಯಲ್ಲಿ ನೋಡಿಲ್ಲ ಹೇಳಿ? ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಯಾರಾದರೂ ಬಂದರೆ ಮತ್ತೊಮ್ಮೆ. ಚಹಾ ಆ ವಯಸ್ಸಿಗೆ ಬೇಡ, ಊಟದ ಕಬ್ಬಿಣಾಂಶ ಮೈಗೆ ಹತ್ತದಂತೆಯೂ ಮಾಡುತ್ತದೆ. ಅಜ್ಜನಿಗೆ ಬೇಜಾರಾಗದಂತೆ ಆ ಹೊತ್ತಿಗೆ ಬಾಳೆಹಣ್ಣಿನ ತುಂಡೋ, ಹಾಲಲ್ಲಿ ಮುರಿದ ರೊಟ್ಟಿಯೋ ಅವರ ಕೈಗೇ ಕೊಡಿ, ಅವರೇ ತಿನ್ನಿಸಲಿ. ಅಂಗಡಿಯ ಕುರುಕಲು ಪೊಟ್ಟಣ ಖಾರ ಇದೆ, ಸಿಹಿ ಅಲ್ಲ ಅಂತ ಬಿಡಬೇಡಿ. ಅದರ ಹಿಟ್ಟೂ ಹಲ್ಲಿಗೆ ಮೆತ್ತಿಕೊಂಡು ಸಕ್ಕರೆಯಾಗುತ್ತದೆ.

ಬ್ರಶ್ ಯಾವಾಗಿಂದ? ಪೇಸ್ಟ್ ಎಷ್ಟು?

ಮೊದಲ ಹಲ್ಲು ಕಂಡ ದಿನದಿಂದ. ಅದಕ್ಕೂ ಮುಂಚೆ ಸ್ವಚ್ಛ ಒದ್ದೆ ಬಟ್ಟೆಯಿಂದ ಒಸಡು ಒರೆಸಿದರೆ ಮಗುವಿಗೆ ರೂಢಿಯಾಗುತ್ತದೆ. ದಿನಕ್ಕೆ ಎರಡು ಸಲ, ರಾತ್ರಿಯದ್ದು ತಪ್ಪಲೇಬಾರದು.

ಮೂರು ವರ್ಷದೊಳಗೆ ಒಂದು ಅಕ್ಕಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್. ಮೂರರಿಂದ ಆರು ವರ್ಷಕ್ಕೆ ಬಟಾಣಿ ಕಾಳಿನಷ್ಟು. ಜಾಹೀರಾತಿನಲ್ಲಿ ತೋರಿಸುವ ಹಾಗೆ ಬ್ರಶ್ ಉದ್ದಕ್ಕೂ ಬಳಿಯುವುದು ಅಲ್ಲ. ಟ್ಯೂಬಿನ ಮೇಲೆ ಫ್ಲೋರೈಡ್ ಎಷ್ಟಿದೆ ಅಂತ ಹೇಳುವ ಪಿಪಿಎಂ ಅನ್ನುವ ಒಂದು ಅಂಕಿ ಬರೆದಿರುತ್ತದೆ, 1000 ಇದ್ದರೆ ಒಳ್ಳೆಯದು. ಮಕ್ಕಳ ಪೇಸ್ಟ್ ಅಂತ ಬಣ್ಣದ ಡಬ್ಬಿಯಲ್ಲಿ ಬರುವ ಕೆಲವದರಲ್ಲಿ ಫ್ಲೋರೈಡ್ ಇದರ ಅರ್ಧದಷ್ಟೇ ಇರುತ್ತದೆ, ಕೆಲವದರಲ್ಲಿ ಇರುವುದೇ ಇಲ್ಲ. ತಿಕ್ಕಿದ ಮೇಲೆ ಉಗುಳಲು ಬಂದರೆ ಉಗುಳಲಿ, ನೀರು ಹಾಕಿ ಬಾಯಿ ಮುಕ್ಕಳಿಸುವುದು ಬೇಡ. ಸ್ವಲ್ಪ ಪೇಸ್ಟ್ ಹಲ್ಲಿನ ಮೇಲೆ ಉಳಿದರೇ ಕೆಲಸ ಮಾಡುವುದು.

ಮುಂಡರಗಿ ಕಡೆ ನೀರಲ್ಲೇ ಫ್ಲೋರೈಡ್ ಜಾಸ್ತಿ ಅಂತಾರೆ. ನಮ್ಮ ಮಗುವಿಗೂ ಈ ಪೇಸ್ಟ್ ಹಾಕಬಹುದಾ?

ಒಳ್ಳೆಯ ಪ್ರಶ್ನೆ. ಗದಗ ಜಿಲ್ಲೆಯಲ್ಲಿ, ಅದರಲ್ಲೂ ಮುಂಡರಗಿ ತಾಲ್ಲೂಕಿನ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಕುಡಿಯುವ ನೀರಿಗೆ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಅನ್ನುವುದು ನಮ್ಮ ದೇಶದ ಮಾನದಂಡ. ಈ ಮಿತಿ ಮೀರಿದ ನೀರನ್ನು ಚಿಕ್ಕಂದಿನಿಂದ ಕುಡಿದರೆ ಮುಂದೆ ಬರುವ ಶಾಶ್ವತ ಹಲ್ಲಿನ ಮೇಲೆ ಬಿಳಿ, ಕಂದು ಕಲೆ ಬೀಳುತ್ತವೆ.

ಆದರೆ ಅದು ನೀರಿನ ತೊಂದರೆ, ಅಕ್ಕಿ ಕಾಳಿನಷ್ಟು ಪೇಸ್ಟಿನದ್ದಲ್ಲ. ಅಷ್ಟು ಪೇಸ್ಟಿನಲ್ಲಿರುವುದು ಸುಮಾರು 0.1 ಮಿಲಿಗ್ರಾಂ ಫ್ಲೋರೈಡ್, ಪೂರ್ತಿ ನುಂಗಿದರೂ ಅಷ್ಟೇ. ಬೋರ್ ನೀರು ಕುಡಿಯುವ ಊರಾದರೆ ಮೊದಲು ನೀರಿನ ಪರೀಕ್ಷೆ ಮಾಡಿಸಿ. ಕೂಸಿಗೆ ಕುಡಿಸಲು, ಪುಡಿ ಹಾಲು ಕಲೆಸಲು, ಗಂಜಿ ಬೇಯಿಸಲು ಶುದ್ಧ ನೀರಿನ ಘಟಕದ ನೀರು ತನ್ನಿ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಸ್ವಲ್ಪ ಹೆಚ್ಚೇ ಆಗುತ್ತದೆ. ಪೇಸ್ಟಿನ ಅಳತೆಯಲ್ಲಿ ಕಟ್ಟುನಿಟ್ಟಾಗಿರಿ, ಟ್ಯೂಬು ಮಗುವಿನ ಕೈಗೆ ಸಿಗದಂತೆ ಇಡಿ, ಹಲ್ಲಿನ ಡಾಕ್ಟರಿಗೆ ನಿಮ್ಮ ಊರು ಯಾವುದು, ನೀರು ಎಲ್ಲಿಯದು ಅಂತ ಹೇಳಿ. ಹುಬ್ಬಳ್ಳಿ-ಧಾರವಾಡದಲ್ಲಿ ಮಲಪ್ರಭಾ ನೀರು ಕುಡಿಯುವವರಿಗೆ ಈ ಚಿಂತೆ ಇಲ್ಲ. ಅವರ ಚಿಂತೆ ನಳದ ನೀರು ಯಾವಾಗ ಬರುತ್ತದೆ ಅನ್ನುವುದು.

ಬ್ರಶ್ ಹಿಡಿದರೆ ಬಾಯಿ ಬಿಗಿಹಿಡಿಯುತ್ತೆ, ಅಳುತ್ತೆ. ಬಲವಂತ ಮಾಡಬೇಕಾ?

ಎದುರಿಗೆ ನಿಂತು ಮಾಡಲು ಹೋದರೆ ಯಾರಿಗೂ ಆಗುವುದಿಲ್ಲ. ನೆಲದ ಮೇಲೆ ಚಾಪೆ ಹಾಸಿ ಕೂತುಕೊಳ್ಳಿ, ಕಾಲು ಮುಂದೆ ಚಾಚಿ. ಮಗುವಿನ ತಲೆ ನಿಮ್ಮ ತೊಡೆಗಳ ನಡುವೆ ಬರುವಂತೆ ಅಂಗಾತ ಮಲಗಿಸಿ. ಎಡಗೈ ಬೆರಳಿಂದ ತುಟಿ ಎತ್ತಿ, ಬಲಗೈಯಿಂದ ತಿಕ್ಕಿ. ಕೂಸಿಗೆ ಎರೆಯುವಾಗ ಕಾಲ ಮೇಲೆ ಮಲಗಿಸಿಕೊಳ್ಳುವುದು ನಮ್ಮ ಮನೆಗಳಲ್ಲಿ ಗೊತ್ತಿರುವ ಕೆಲಸವೇ, ಅದೇ ಕೈ ಇಲ್ಲೂ ಬರುತ್ತದೆ. ಅಳುವಾಗ ಬಾಯಿ ದೊಡ್ಡದಾಗಿ ತೆರೆದಿರುತ್ತದೆ, ಹಿಂದಿನ ಹಲ್ಲು ಮುಗಿಸಿಬಿಡಿ. ಎಲ್ಲ ಸೇರಿ ಒಂದು ನಿಮಿಷದ ಕೆಲಸ. ಕೆಲವು ವಾರಕ್ಕೆ ಅಳು ನಿಲ್ಲುತ್ತದೆ.

ಮಗು ತಾನೇ ಮಾಡುತ್ತೇನೆ ಅಂದರೆ ಮಾಡಲಿ, ಆಮೇಲೆ ನೀವೊಮ್ಮೆ ತಿಕ್ಕಿ. ಏಳೆಂಟು ವರ್ಷದವರೆಗೂ ಮಕ್ಕಳ ಕೈಗೆ ಆ ಹದ ಬಂದಿರುವುದಿಲ್ಲ.

ಬೂದಿ, ಇದ್ದಿಲು, ಉಪ್ಪು?

ಹಾಲುಹಲ್ಲಿಗೆ ಬೇಡ, ಎನಾಮಲ್ ಸವೆಯುತ್ತದೆ. ಇನ್ನು ಮಿಶ್ರಿ, ನಶ್ಯ ಅಂದರೆ ಹೊಗೆಸೊಪ್ಪು. ಹಲ್ಲುನೋವಿಗೆ ಅಂತ ಅದನ್ನು ಮಕ್ಕಳ ಒಸಡಿಗೆ ಹಚ್ಚುವುದು ತಪ್ಪಷ್ಟೇ ಅಲ್ಲ, ವಿಷ.

ಐರನ್ ಡ್ರಾಪ್ಸ್ ಹಾಕಿದ ಮೇಲೆ ಹಲ್ಲು ಕಪ್ಪಾಗಿದೆ. ಇದೂ ಹುಳುಕಾ?

ಸಾಮಾನ್ಯವಾಗಿ ಅಲ್ಲ. ಅದು ಮೇಲೆ ಹತ್ತಿದ ಕಲೆ, ಡಾಕ್ಟರು ಪಾಲಿಶ್ ಮಾಡಿ ತೆಗೆಯುತ್ತಾರೆ. ಔಷಧಿ ನಿಲ್ಲಿಸಬೇಡಿ. ನಾಲಿಗೆಯ ಹಿಂಭಾಗಕ್ಕೆ ಹಾಕಿ ಆಮೇಲೆ ನೀರು ಕುಡಿಸಿ. ಮುಟ್ಟಿದರೆ ಗುಳಿ ಸಿಕ್ಕರೆ, ಮೆತ್ತಗಿದ್ದರೆ ತೋರಿಸಿ. ಕೆಮ್ಮಿನ ಸಿರಪ್, ಆಂಟಿಬಯಾಟಿಕ್ ಸಿರಪ್‌ಗಳು ಸಿಹಿ ಇರುತ್ತವೆ. ರಾತ್ರಿ ಕೊಟ್ಟರೆ ಹಲ್ಲು ಒರೆಸಿ ಮಲಗಿಸಿ.

ಮೊದಲ ಸಲ ಯಾವಾಗ ತೋರಿಸಬೇಕು, ಎಲ್ಲಿ?

ಮೊದಲ ಹಲ್ಲು ಬಂದ ಆರು ತಿಂಗಳೊಳಗೆ, ತಡವಾದರೂ ಮೊದಲ ಹುಟ್ಟುಹಬ್ಬದ ಹೊತ್ತಿಗೆ. ಹಲ್ಲು ಚೆನ್ನಾಗಿದ್ದಾಗಲೇ ಹೋದರೆ ಒಳ್ಳೆಯದು. ನೋವಿಲ್ಲದ ದಿನ ನೋಡಿದ ಡಾಕ್ಟರಿಗೆ ಮಗು ಮುಂದೆ ಹೆದರುವುದಿಲ್ಲ. ಅಷ್ಟು ಚಿಕ್ಕವರನ್ನು ಕುರ್ಚಿಗೆ ಏರಿಸುವುದಿಲ್ಲ. ಡಾಕ್ಟರು, ತಾಯಿ ಎದುರುಬದುರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಾರೆ. ಮಗು ತಾಯಿಯ ಮಡಿಲಿಂದ ಹಿಂದಕ್ಕೆ ಒರಗಿ ಡಾಕ್ಟರ ತೊಡೆಯ ಮೇಲೆ ತಲೆ ಇಡುತ್ತದೆ. ಅವ್ವನ ಮುಖ ಕಾಣುತ್ತಲೇ ಇರುತ್ತದೆ.

ಧಾರವಾಡದ ಸತ್ತೂರಿನಲ್ಲಿರುವ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜಿನಲ್ಲಿ ಮಕ್ಕಳ ಹಲ್ಲಿಗೇ ಬೇರೆ ವಿಭಾಗ ಇದೆ. ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸು ಓಡಾಡುವ ದಾರಿಯಲ್ಲೇ ಬರುತ್ತದೆ. ಹುಬ್ಬಳ್ಳಿಯಲ್ಲಿ ಎಲ್ಲರೂ ಇನ್ನೂ ಕಿಮ್ಸ್ ಅಂತಲೇ ಕರೆಯುವ ಸರ್ಕಾರಿ ಆಸ್ಪತ್ರೆ, ಗದಗ ಮತ್ತು ಹಾವೇರಿಯಲ್ಲಿ ಜಿಲ್ಲಾ ಮಟ್ಟದ ಆಸ್ಪತ್ರೆಗಳಿವೆ. ಹಳ್ಳಿಯವರಾದರೆ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡುತ್ತದೆ. ಅವರು ನೋಡಬೇಕಾದ ಪಟ್ಟಿಯಲ್ಲಿ ಹಲ್ಲೂ ಇದೆ. ತೂಕ ನೋಡಿ ಕಳಿಸುತ್ತಿದ್ದರೆ ನೀವೇ ಮಗುವಿನ ತುಟಿ ಎತ್ತಿ ತೋರಿಸಿ.

ಒಂದು ಮಾತು. ‘ಸುಮ್ನಿರು, ಇಲ್ಲಂದ್ರ ಡಾಕ್ಟರ್ ಸೂಜಿ ಚುಚ್ಚತಾರ’ ಅಂತ ಮನೆಯಲ್ಲಿ ಹೆದರಿಸಬೇಡಿ. ಆಮೇಲೆ ಅದೇ ಡಾಕ್ಟರ ಹತ್ತಿರ ಕರೆದೊಯ್ಯುವವರು ನೀವೇ ಅಲ್ವಾ?

ಹುಳುಕಾಗಿದ್ದರೆ ಏನು ಮಾಡ್ತಾರೆ?

ಬಿಳಿ ಗೆರೆಯಷ್ಟೇ ಇದ್ದರೆ ಫ್ಲೋರೈಡ್ ವಾರ್ನಿಶ್ ಹಚ್ಚುತ್ತಾರೆ. ಬ್ರಶ್ಶಿನಲ್ಲಿ ಬಳಿಯುವುದು, ಕೆಲವೇ ನಿಮಿಷ. ಆ ದಿನ ಹಲ್ಲು ಹಳದಿಯಾಗಿ ಕಾಣಬಹುದು. ಮೂರು ಅಥವಾ ಆರು ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು.

ಸಣ್ಣ ಗುಳಿ ಬಿದ್ದಿದ್ದು, ಮಗು ಚಿಕ್ಕದು, ಡ್ರಿಲ್ಲಿಗೆ ಸಹಕರಿಸುವುದಿಲ್ಲ ಅಂದರೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಅನ್ನುವ ದ್ರವ ಇದೆ. ಒಂದು ಹನಿ ಹಚ್ಚಿದರೆ ಹುಳುಕು ಅಲ್ಲಿಗೇ ಗಟ್ಟಿಯಾಗಿ ನಿಲ್ಲುವ ಸಾಧ್ಯತೆ ಹೆಚ್ಚು. ಸೂಜಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಆದರೆ ಹುಳುಕಿದ ಜಾಗ ಕಪ್ಪಾಗುತ್ತದೆ, ಆ ಕಪ್ಪು ಹೋಗುವುದಿಲ್ಲ. ಮುಂದಿನ ಹಲ್ಲಾದರೆ ಮನೆಯವರಿಗೆ ಮೊದಲೇ ಹೇಳಿಡಿ, ಇಲ್ಲವಾದರೆ ‘ಹಲ್ಲು ತೋರಿಸಿ ಕಪ್ಪು ಮಾಡಿಸಿಕೊಂಡು ಬಂದಳು’ ಅನ್ನುತ್ತಾರೆ. ನನ್ನನ್ನು ಕೇಳಿದರೆ ಎರಡು ವರ್ಷದ ಮಗುವಿಗೆ ಸೂಜಿಗಿಂತ ಕಪ್ಪು ಚುಕ್ಕೆಯೇ ವಾಸಿ. ಸಾಮಾನ್ಯವಾಗಿ ಆರು ತಿಂಗಳಿಗೆ ಮತ್ತೊಮ್ಮೆ ಹಚ್ಚುತ್ತಾರೆ.

ಗುಳಿ ದೊಡ್ಡದಾದರೆ ಸಿಮೆಂಟ್ ತುಂಬುತ್ತಾರೆ. ನರದ ತನಕ ಹೋದರೆ ಹಾಲುಹಲ್ಲಿಗೂ ಬೇರಿನ ಚಿಕಿತ್ಸೆ ಮಾಡಿ, ದವಡೆ ಹಲ್ಲಿಗೆ ಸ್ಟೀಲ್ ಟೊಪ್ಪಿಗೆ ಹಾಕುತ್ತಾರೆ. ಆ ಹಲ್ಲು ಬೀಳುವಾಗ ಟೊಪ್ಪಿಗೆಯೂ ಜೊತೆಗೇ ಬೀಳುತ್ತದೆ. ಏಳೆಂಟು ಹಲ್ಲು ಒಟ್ಟಿಗೆ ಕೆಟ್ಟಿದ್ದರೆ ಆಸ್ಪತ್ರೆಯಲ್ಲಿ ಪೂರ್ತಿ ಅರಿವಳಿಕೆ ಕೊಟ್ಟು ಒಂದೇ ದಿನ ಮುಗಿಸುವುದುಂಟು. ಅರಿವಳಿಕೆ ಡಾಕ್ಟರು ಇರುವ ಕಡೆ ಮಾತ್ರ ಮಾಡಿಸಿ.

ಕಿತ್ತಿಸಿಬಿಟ್ಟರೆ ಖರ್ಚು ಕಡಿಮೆ ಅಲ್ವಾ?

ಇವತ್ತಿಗೆ ಕಡಿಮೆ. ದವಡೆ ಹಲ್ಲು ಬೇಗ ಹೋದರೆ ಪಕ್ಕದ ಹಲ್ಲುಗಳು ಆ ಜಾಗಕ್ಕೆ ಸರಿಯುತ್ತವೆ, ಒಸಡಿನೊಳಗಿನ ಶಾಶ್ವತ ಹಲ್ಲಿಗೆ ಹುಟ್ಟಲು ದಾರಿ ಇರುವುದಿಲ್ಲ. ಮುಂದೆ ಕ್ಲಿಪ್ ಹಾಕಿಸುವ ಖರ್ಚು ಬರುತ್ತದೆ. ಉಳಿಸಲು ಆಗದೆ ತೆಗೆಯಲೇಬೇಕಾದರೆ ಜಾಗ ಹಿಡಿದಿಡುವ ತಂತಿ ಬೇಕಾ ಅಂತ ಅವತ್ತೇ ಕೇಳಿ. ಆರು ವರ್ಷಕ್ಕೆ ಎಲ್ಲಕ್ಕಿಂತ ಹಿಂದೆ ಒಂದು ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಅದನ್ನು ಹಾಲುಹಲ್ಲು ಅಂದುಕೊಳ್ಳುವವರು ಬಹಳ. ಅದು ಶಾಶ್ವತ ಹಲ್ಲು, ಕಿತ್ತರೆ ಮತ್ತೆ ಬರುವುದಿಲ್ಲ.

ನಡುರಾತ್ರಿ ಹಲ್ಲುನೋವು ಅಂತ ಅತ್ತರೆ?

ಸಂದಿಯಲ್ಲಿ ಏನಾದರೂ ಸಿಕ್ಕಿದೆಯಾ ನೋಡಿ, ಮೆಲ್ಲಗೆ ತಿಕ್ಕಿ ತೆಗೆಯಿರಿ. ಮಗುವಿನ ತೂಕಕ್ಕೆ ಡಾಕ್ಟರು ಹೇಳಿದ ಅಳತೆಯಲ್ಲಿ ಪ್ಯಾರಸಿಟಮಾಲ್ ಕೊಡಬಹುದು. ಆಸ್ಪಿರಿನ್ ಬೇಡ. ಲವಂಗದ ಎಣ್ಣೆ ಕೂಸಿನ ಒಸಡನ್ನು ಸುಡುತ್ತದೆ. ಮರಗಟ್ಟಿಸುವ ಬೆಂಜೊಕೇನ್ ಜೆಲ್ ಎರಡು ವರ್ಷದೊಳಗಿನವರಿಗೆ ಅಪಾಯ. ನೋವು ತಾನಾಗಿ ನಿಂತಿತು ಅಂತ ಬಿಡಬೇಡಿ, ನರ ಸತ್ತಾಗಲೂ ನೋವು ನಿಲ್ಲುತ್ತದೆ.

ಒಸಡಿನ ಮೇಲೆ ಗುಳ್ಳೆ ಎದ್ದು ಕೀವು ಕಂಡರೆ ಒಂದೆರಡು ದಿನದೊಳಗೆ ತೋರಿಸಿ. ಕೆನ್ನೆ ಅಥವಾ ಕಣ್ಣಿನ ಕೆಳಗೆ ಬಾವು, ಜೊತೆಗೆ ಜ್ವರ, ಬಾಯಿ ತೆರೆಯಲು ಆಗದಿರುವುದು, ನುಂಗಲು ಉಸಿರಾಡಲು ಕಷ್ಟ ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗುವ ತನಕ ಕಾಯಬೇಡಿ. ಹಲ್ಲಿನ ಕ್ಲಿನಿಕ್ ತೆರೆಯಲಿ ಅಂತಲೂ ನೋಡಬೇಡಿ, ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.